ಕರಾವಳಿಯ ಸ್ಟುಡಿಯೋಗೆ ಕ್ಯಾಮೆರಾ ಕೊಳ್ಳುವ ಮೊದಲು

ಶಿರಸಿಯಲ್ಲೋ ಕಾರವಾರದಲ್ಲೋ ಒಂದು ತಾಳಮದ್ದಳೆಯ ನೇರಪ್ರಸಾರ ನಡೆಯುತ್ತಿದೆ ಎಂದುಕೊಳ್ಳಿ. ಮೂರು ಕ್ಯಾಮೆರಾ ಇಟ್ಟಿದ್ದಾರೆ. ಮೊದಲನೆಯದರಲ್ಲಿ ಭಾಗವತರ ಶಾಲು ಕೆನೆಬಣ್ಣ. ಎರಡನೆಯದಕ್ಕೆ ಬದಲಾಯಿಸಿದ ಕೂಡಲೇ ಅದೇ ಶಾಲು ನೀಲಿಗಟ್ಟುತ್ತದೆ. ಮೂರನೆಯದರಲ್ಲಿ ಅರ್ಥಧಾರಿಯ ಮುಖ ಕಾಮಾಲೆ ಹಿಡಿದವರ ಹಾಗೆ. ಮನೆಯಲ್ಲಿ ಕೂತು ನೋಡುವವರು ಕಾರಣ ಹುಡುಕುವುದಿಲ್ಲ, 'ಕ್ಲಿಯರ್ ಇಲ್ಲ ಮಾರಾಯ' ಎಂದು ಬೇರೆ ಏನಾದರೂ ಹಾಕಿಕೊಳ್ಳುತ್ತಾರೆ. ಮರುದಿನ ಸಂಘಟಕರು 4ಕೆ ಕ್ಯಾಮೆರಾ ವಿಚಾರಿಸಲು ಶುರುಮಾಡುತ್ತಾರೆ. ಆದರೆ ಅಲ್ಲಿ ಕೊರತೆ ಇದ್ದದ್ದು ಪಿಕ್ಸೆಲ್‌ಗಳದ್ದಲ್ಲ. ಮೂರೂ ಕ್ಯಾಮೆರಾಗಳು ತಮ್ಮತಮ್ಮ ಅಂದಾಜಿನಲ್ಲಿ ಬೆಳಕು, ಬಣ್ಣ ಸರಿಮಾಡಿಕೊಳ್ಳುತ್ತಿದ್ದವು. ಮೂರನ್ನೂ ಒಂದು ಕಡೆ ಕೂತು ನಡೆಸುವವರು ಇರಲಿಲ್ಲ.

ಕ್ಯಾಮೆರಾ ಬಾಡಿಯ ಮೇಲೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲನ್ನು ಲೆನ್ಸಿಗೆ, ನಿಯಂತ್ರಣಕ್ಕೆ, ಕರೆಂಟಿಗೆ ತಿರುಗಿಸಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಣ್ಣ ಸ್ಟುಡಿಯೋಗಳ ಚಿತ್ರ ಅರ್ಧದಷ್ಟು ಸುಧಾರಿಸುತ್ತದೆ ಎಂಬುದು ಈ ಬರಹದ ವಾದ. ಅದು ಹೇಗೆ ಎಂದು ಲೆಕ್ಕ ಹಾಕಿ ನೋಡೋಣ.

ಒಂದು ಕೇಬಲ್, ಎರಡು ಕಡೆಯ ಸಂಚಾರ

ಈ ಕೆಲಸದವರು ಇದನ್ನು 'ಕ್ಯಾಮೆರಾ ಚೈನ್' ಎನ್ನುತ್ತಾರೆ. ಮುಂದೆ ಲೆನ್ಸ್, ಅದರ ಹಿಂದೆ ಕ್ಯಾಮೆರಾ ಹೆಡ್, ಹೆಡ್‌ನಿಂದ ಕಂಟ್ರೋಲ್ ರೂಮಿಗೆ ಒಂದೇ ಕೇಬಲ್, ಅದರ ಆ ತುದಿಯಲ್ಲಿ ಸಿಸಿಯು (ಕ್ಯಾಮೆರಾ ಕಂಟ್ರೋಲ್ ಯೂನಿಟ್) ಎಂಬ ಪೆಟ್ಟಿಗೆ, ಸಿಸಿಯುಗೆ ಸೇರಿದ ಆರ್‌ಸಿಪಿ (ರಿಮೋಟ್ ಕಂಟ್ರೋಲ್ ಪ್ಯಾನೆಲ್) ಎಂಬ ಪುಟ್ಟ ಪ್ಯಾನೆಲ್. ಹೆಡ್‌ನಿಂದ ಚಿತ್ರ ಒಳಗೆ ಹೋಗುತ್ತದೆ. ಅದೇ ಕೇಬಲಿನಲ್ಲಿ ಕರೆಂಟು, ಟಾಕ್‌ಬ್ಯಾಕ್ (ಒಳಗಿನವರ ಮಾತು), ಯಾವ ಕ್ಯಾಮೆರಾ ಪ್ರಸಾರದಲ್ಲಿದೆ ಎಂದು ಹೇಳುವ ಟ್ಯಾಲಿ ದೀಪದ ಸೂಚನೆ, ಪ್ರಸಾರವಾಗುತ್ತಿರುವ ಚಿತ್ರ, ಓದುವವರ ಮುಂದಿನ ಪ್ರಾಂಪ್ಟರಿನ ಅಕ್ಷರ, ಎಲ್ಲ ಕ್ಯಾಮೆರಾಗಳನ್ನು ಒಂದೇ ತಾಳಕ್ಕೆ ತರುವ ಸಿಂಕ್, ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿಯಾದ ಐರಿಸ್‌ಗೆ ಆಜ್ಞೆ ಎಲ್ಲವೂ ಹೊರಗೆ ಬರುತ್ತವೆ. ಕ್ಯಾಮೆರಾ ಹಿಡಿದವರು ಫ್ರೇಮು, ಫೋಕಸ್ಸು, ಝೂಮ್ ಮಾತ್ರ ನೋಡಿಕೊಳ್ಳುತ್ತಾರೆ. ಐರಿಸ್, ಕಪ್ಪಿನ ಮಟ್ಟ, ಬಣ್ಣ ಇವೆಲ್ಲ ಒಳಗೆ ಮಾನಿಟರ್ ಮುಂದೆ ಕೂತವರ ಕೈಯಲ್ಲಿ. ಅಭ್ಯಾಸವಿದ್ದ ಒಬ್ಬರು ನಾಲ್ಕು ಕ್ಯಾಮೆರಾಗಳನ್ನು ಸಲೀಸಾಗಿ ಸಂಭಾಳಿಸಬಲ್ಲರು.

ಕೊಳ್ಳುವವರ ಮುಂದೆ ಮೂರು ದಾರಿ ಇವೆ. ಪೂರ್ತಿ ಚೈನ್ ಒಂದು: ಸೋನಿಯ ಎಚ್‌ಡಿಸಿ, ಎಚ್‌ಎಕ್ಸ್‌ಸಿ ಸಾಲು, ಪ್ಯಾನಸೋನಿಕ್‌ನ ಎಕೆ ಸಾಲು, ಹಿಟಾಚಿ, ಇಕೆಗಾಮಿ, ಗ್ರಾಸ್ ವ್ಯಾಲಿಯ ಎಲ್‌ಡಿಎಕ್ಸ್. ಎರಡನೆಯದು ಬ್ಲ್ಯಾಕ್‌ಮ್ಯಾಜಿಕ್ ತರಹದ ಸ್ಟುಡಿಯೋ ಕ್ಯಾಮೆರಾ ಮತ್ತು ಅದೇ ಕಂಪನಿಯ ಎಟಿಇಎಂ ಸ್ವಿಚರ್ (ಯಾವ ಕ್ಯಾಮೆರಾದ ಚಿತ್ರ ಪ್ರಸಾರಕ್ಕೆ ಹೋಗಬೇಕೆಂದು ಬದಲಿಸುವ ಯಂತ್ರ). ಇಲ್ಲಿ ಪ್ರತ್ಯೇಕ ಸಿಸಿಯು ಇಲ್ಲ. ಸ್ವಿಚರ್‌ನಿಂದ ಕ್ಯಾಮೆರಾಗೆ ವಾಪಸ್ ಹೋಗುವ ಎಸ್‌ಡಿಐ (ಸ್ಟುಡಿಯೋಗಳಲ್ಲಿ ಡಿಜಿಟಲ್ ಚಿತ್ರ ಸಾಗಿಸುವ ಪದ್ಧತಿ) ತಂತಿಯಲ್ಲೇ ಬಣ್ಣ-ಐರಿಸ್ ಆಜ್ಞೆ, ಟ್ಯಾಲಿ ಹೋಗುತ್ತವೆ; ಟಾಕ್‌ಬ್ಯಾಕ್ ಅದೇ ತಂತಿಯ 15 ಮತ್ತು 16ನೇ ಆಡಿಯೋ ಚಾನೆಲ್‌ಗಳಲ್ಲಿ. ಅಂದರೆ ಪ್ರತಿ ಕ್ಯಾಮೆರಾಗೆ ಹೋಗಲೊಂದು, ಬರಲೊಂದು ತಂತಿ ಬೇಕು. 'ಚಿತ್ರ ಬಂದರೆ ಸಾಕು' ಎಂದು ಒಂದೇ ತಂತಿ ಎಳೆದರೆ ಕ್ಯಾಮೆರಾ ಕೊಂಡದ್ದರ ಮುಖ್ಯ ಲಾಭವೇ ಹೋಯಿತು. ಮೂರನೆಯ ದಾರಿ ಫೋಟೋ ತೆಗೆಯುವ ಮಿರರ್‌ಲೆಸ್ ಕ್ಯಾಮೆರಾಗಳನ್ನು ಎಚ್‌ಡಿಎಂಐ ತಂತಿಯಲ್ಲಿ ಸ್ವಿಚರಿಗೆ ಸಿಕ್ಕಿಸುವುದು. ಒಬ್ಬರೇ ಕೂತು ಮಾತಾಡುವ ಕಾರ್ಯಕ್ರಮಕ್ಕೆ ಅಡ್ಡಿಯಿಲ್ಲ. ಆದರೆ ಎಚ್‌ಡಿಎಂಐ ತಂತಿ 10 ಮೀಟರ್ ದಾಟಿದರೆ ನಂಬುವಂತಿಲ್ಲ, ತುದಿಗೆ ಲಾಕ್ ಇಲ್ಲ, ಯಾರದೋ ಕಾಲಿಗೆ ತಾಗಿದರೆ ಚಿತ್ರ ಮಾಯ. ದಿನಾ ಸುದ್ದಿ ಓದುವ ಜಾಗಕ್ಕೆ ಅದು ಬೇಡ.

ಲೆನ್ಸ್ ಮೊದಲು, ಬಾಡಿ ಆಮೇಲೆ

ಬ್ರಾಡ್‌ಕಾಸ್ಟ್ ಕ್ಯಾಮೆರಾದ ಸೆನ್ಸರ್ ಅಳತೆ ಮೂರರಲ್ಲಿ ಎರಡು ಇಂಚು ಎಂದು ಹೇಳುವ ರೂಢಿ. ಅದು ಹಳೆಯ ಕ್ಯಾಮೆರಾ ಟ್ಯೂಬಿನ ಹೊರವ್ಯಾಸದಿಂದ ಬಂದ ಹೆಸರು. ನಿಜವಾದ ಚಿತ್ರಭಾಗ 9.6 × 5.4 ಮಿ.ಮೀ., ಮೂಲೆಯಿಂದ ಮೂಲೆಗೆ 11 ಮಿ.ಮೀ. ಲೆನ್ಸ್ ಕೂರುವ ಮೌಂಟಿನ ಹೆಸರು ಬಿ4. ಒಳಗಿರುವ ಪ್ರಿಸಂ ಬೆಳಕನ್ನು ಕೆಂಪು, ಹಸಿರು, ನೀಲಿಯಾಗಿ ಸೀಳಿ ಮೂರು ಸೆನ್ಸರ್‌ಗಳಿಗೆ ಕೊಡುತ್ತದೆ.

ಇಷ್ಟು ಸಣ್ಣ ಸೆನ್ಸರ್ ಯಾಕೆ ಎಂಬ ಪ್ರಶ್ನೆ ಸಹಜ. ಸಿನಿಮಾದವರು ಬಳಸುವ ಸೂಪರ್ 35 ಸೆನ್ಸರ್ ಸುಮಾರು 25 ಮಿ.ಮೀ. ಅಗಲ, ಅಂದರೆ 2.6 ಪಟ್ಟು. ಒಂದೇ ಫ್ರೇಮಿಗೆ ಎರಡನ್ನೂ ಹೊಂದಿಸಿದರೆ, ಸಣ್ಣ ಸೆನ್ಸರಿನಲ್ಲಿ ಎಫ್4ಕ್ಕೆ (ಎಫ್ ಅಂಕೆ ಏರಿದಷ್ಟು ಐರಿಸ್ ಕಿರಿದು) ಸಿಗುವ ಫೋಕಸ್ ಆಳ, ಅಂದರೆ ಹಿಂದೆಮುಂದೆ ಸ್ಪಷ್ಟವಾಗಿ ಕಾಣುವ ದೂರ, ದೊಡ್ಡದರಲ್ಲಿ ಸಿಗಬೇಕಾದರೆ ಎಫ್10ರ ಹತ್ತಿರ ಹೋಗಬೇಕು. ಹಿನ್ನೆಲೆ ಮಸುಕಾದ ಚಿತ್ರ ಮದುವೆ ವಿಡಿಯೋಗೆ ಚಂದ. ರಂಗಸ್ಥಳದಲ್ಲಿ ವೇಷಧಾರಿ ಒಂದು ಹೆಜ್ಜೆ ಮುಂದಿಟ್ಟರೂ ಮುಖ ಮಸುಕಾಗುವುದು ಚಂದವಲ್ಲ. ನೇರಪ್ರಸಾರದಲ್ಲಿ 'ಇನ್ನೊಮ್ಮೆ ಕುಣಿಯಿರಿ' ಎನ್ನುವ ಹಾಗಿಲ್ಲ.

ಲೆನ್ಸ್ ಆರಿಸಲು ಒಂದು ಸಣ್ಣ ಲೆಕ್ಕ ಸಾಕು. ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲಿನ ಮಿ.ಮೀ. ಅಂಕೆ) ಭಾಗಿಸಿದರೆ ಫ್ರೇಮಿನಲ್ಲಿ ಕಾಣುವ ಅಗಲ ಸಿಗುತ್ತದೆ. ಬಿ4 ಲೆನ್ಸ್ ಮೇಲೆ '20×8.2' ಎಂದು ಬರೆದಿದ್ದರೆ ಅದು 8.2 ಮಿ.ಮೀ.ನಿಂದ (ವೈಡ್, ಅಗಲ ನೋಟ) 164 ಮಿ.ಮೀ. (ಟೆಲಿ, ಹತ್ತಿರದ ನೋಟ) ತನಕ ಹೋಗುತ್ತದೆ ಎಂದರ್ಥ. ಚಿಕ್ಕ ಸ್ಟುಡಿಯೋದಲ್ಲಿ ಕ್ಯಾಮೆರಾದಿಂದ ಸೆಟ್‌ಗೆ 3 ಮೀಟರ್ ಇದೆ ಅನ್ನಿ: 8.2ರಲ್ಲಿ 3.5 ಮೀಟರ್ ಅಗಲ ಕಾಣುತ್ತದೆ, ಇಬ್ಬರು ಅತಿಥಿಗಳು ಮತ್ತು ನಿರೂಪಕರು ಕೂರಲು ತಕ್ಕಷ್ಟು. ಈಗ ಅದೇ ಲೆನ್ಸನ್ನು ಯಕ್ಷಗಾನದ ಆಟಕ್ಕೆ ಒಯ್ಯಿರಿ. ಸಭಾಂಗಣದ ಹಿಂಬದಿಯಲ್ಲಿ, ರಂಗಸ್ಥಳದಿಂದ 20 ಮೀಟರ್ ದೂರದಲ್ಲಿ ಕ್ಯಾಮೆರಾ. 164ರಲ್ಲಿ ಸಿಗುವುದು 1.17 ಮೀಟರ್ ಅಗಲ: ಸೊಂಟದಿಂದ ಮೇಲೆ. ಮುಖ, ಕಣ್ಣು ಬೇಕಾದರೆ ಲೆನ್ಸಿನೊಳಗಿನ ಎರಡು ಪಟ್ಟಿನ ಎಕ್ಸ್‌ಟೆಂಡರ್ ಹಾಕಬೇಕು, ಹಾಕಿದರೆ ಎರಡು ಸ್ಟಾಪ್, ಅಂದರೆ ನಾಲ್ಕರಲ್ಲಿ ಮೂರು ಪಾಲು ಬೆಳಕು ಹೋಗುತ್ತದೆ. ಅದರ ಪರಿಣಾಮ ಬೆಳಕಿನ ಲೆಕ್ಕದಲ್ಲಿ ಕಾಣುತ್ತದೆ.

ಬ್ಲ್ಯಾಕ್‌ಮ್ಯಾಜಿಕ್ ಸ್ಟುಡಿಯೋ ಕ್ಯಾಮೆರಾ 4ಕೆಯ ಸೆನ್ಸರ್ ಅಗಲ ಸುಮಾರು 13 ಮಿ.ಮೀ. 20 ಮೀಟರಿನಿಂದ ಅದೇ 1.2 ಮೀಟರ್ ಅಗಲ ಬೇಕಾದರೆ 217 ಮಿ.ಮೀ. ಲೆನ್ಸ್ ಬೇಕು. ಅಷ್ಟು ಉದ್ದದ ಫೋಟೋ ಲೆನ್ಸ್ ಸಿಗುತ್ತದೆ, ಆದರೆ ಅದರಲ್ಲಿ ಮೆಲ್ಲಗೆ ಝೂಮ್ ಎಳೆಯಲಾಗುವುದಿಲ್ಲ. ಝೂಮ್ ಮಾಡುತ್ತಿದ್ದ ಹಾಗೆ ಹೆಚ್ಚಾಗಿ ಫೋಕಸ್ ಸರಿಯುತ್ತದೆ, ಹಲವುಗಳಲ್ಲಿ ಐರಿಸ್ ಕುಗ್ಗುತ್ತದೆ. ಬಿ4 ಲೆನ್ಸಿನಲ್ಲಿ ಟೆಲಿಗೆ ಹೋಗಿ ಫೋಕಸ್ ಹಿಡಿದರೆ ವೈಡ್ ತನಕ ಅದು ನಿಲ್ಲುತ್ತದೆ. ಹಾಗಾಗಿ ಸ್ಟುಡಿಯೋ ಒಳಗಿನ ಸುದ್ದಿ, ಸಂದರ್ಶನ ಮಾತ್ರವಾದರೆ ಎರಡನೆಯ ದಾರಿ ಧಾರಾಳ ಸಾಕು. ಯಕ್ಷಗಾನ, ಜಾತ್ರೆ, ಸಭಾಂಗಣದ ಕೆಲಸವೂ ಇದ್ದರೆ ಕನಿಷ್ಠ ಒಂದು ಕ್ಯಾಮೆರಾವಾದರೂ ಬಿ4 ಲೆನ್ಸ್ ಕೂರುವಂಥದ್ದಿರಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ; ಅದೊಂದಕ್ಕಾಗಿ ಉದ್ದನೆಯ ಲೆನ್ಸ್ ಕೊಳ್ಳುವುದು ದಂಡ, ಬಾಡಿಗೆಗೆ ತಂದರಾಯಿತು.

ಲೆನ್ಸ್ ಕೊಳ್ಳುವಾಗ ಪ್ಯಾನ್ ಹಿಡಿಕೆಗೆ ಕೂರಿಸುವ ಝೂಮ್ ಡಿಮಾಂಡ್, ಫೋಕಸ್ ಡಿಮಾಂಡ್ ಎಂಬ ನಿಯಂತ್ರಕ ಎರಡನ್ನೂ ಸೇರಿಸಿಯೇ ದರ ಕೇಳಿ. ಕೊಟೇಶನ್ನಿನಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇವೇ. ಫೋಕಸ್ಸನ್ನೂ ಹಿಡಿಕೆಯಿಂದ ಮೋಟರ್ ಮೂಲಕ ನಡೆಸಬೇಕಾದರೆ ಪೂರ್ಣ ಸರ್ವೋ ಲೆನ್ಸ್ ಬೇಕು. ಹೆಗಲ ಕ್ಯಾಮೆರಾದ ಸಾಮಾನ್ಯ ಲೆನ್ಸಿನಲ್ಲಿ ಝೂಮಿಗೆ ಮಾತ್ರ ಮೋಟರ್ ಇರುತ್ತದೆ.

ಬೆಳಕಿಗೆ ಒಂದು ಸೂತ್ರ

ಕ್ಯಾಮೆರಾದ ವಿವರಪತ್ರದಲ್ಲಿ 'ಸೆನ್ಸಿಟಿವಿಟಿ: ಎಫ್10, 2000 ಲಕ್ಸ್' ಎಂಬಂಥ ಸಾಲು ಇರುತ್ತದೆ. 3200 ಕೆಲ್ವಿನ್ ಬೆಳಕಿನಲ್ಲಿ, ಸುಮಾರು ಶೇ 90ರಷ್ಟು ಬೆಳಕು ಹಿಂದಿರುಗಿಸುವ ಬಿಳಿ ಹಲಗೆ ತೋರಿಸಿ ಅಳೆದದ್ದು ಅದು. ಇದನ್ನು ತಿರುಗಿಸಿ ಹಾಕಿದರೆ ನಮಗೆ ಬೇಕಾದ ಬೆಳಕು ಸಿಗುತ್ತದೆ. ಎಫ್5.6ರಲ್ಲಿ ಚಿತ್ರೀಕರಿಸಲು ಸುಮಾರು 630 ಲಕ್ಸ್, ಎಫ್4ಕ್ಕೆ 320, ಎಫ್2.8ಕ್ಕೆ 160. ಸ್ಟುಡಿಯೋ ಒಳಗೆ ಮುಖದ ಮೇಲೆ 500ರಿಂದ 700 ಲಕ್ಸ್ ಇಟ್ಟುಕೊಂಡರೆ ಗೇನ್ (ಸಂಕೇತವನ್ನು ಹಿಗ್ಗಿಸಿ ಚಿತ್ರ ಬೆಳಗಿಸುವುದು) ಮುಟ್ಟುವ ಅಗತ್ಯ ಬೀಳುವುದಿಲ್ಲ.

ಈಗ ರಂಗಸ್ಥಳಕ್ಕೆ ಮರಳೋಣ. ಟೆಲಿ ತುದಿಯಲ್ಲಿ ಲೆನ್ಸ್ ಎಫ್2.8 ಕೊಡುತ್ತಿತ್ತು ಅನ್ನಿ, ಎಕ್ಸ್‌ಟೆಂಡರ್ ಹಾಕಿದ ಮೇಲೆ ಅದು ಎಫ್5.6. ಅಂದರೆ 160 ಲಕ್ಸ್‌ನಲ್ಲಿ ಆಗುತ್ತಿದ್ದ ಕೆಲಸಕ್ಕೆ 630 ಬೇಕು. ಅಷ್ಟು ಬೆಳಕಿಲ್ಲದಿದ್ದರೆ 12 ಡೆಸಿಬಲ್ ಗೇನ್ ಹಾಕಬೇಕು, ಹಾಕಿದರೆ ಕಪ್ಪು ಭಾಗದಲ್ಲಿ ಕಾಳುಕಾಳು. ಕ್ಯಾಮೆರಾವನ್ನು 20ರಿಂದ 12 ಮೀಟರಿಗೆ ತರಲು ಜಾಗ ಕೇಳುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ನಾಲ್ಕು ಕುರ್ಚಿ ಹೋದರೂ ಪರವಾಗಿಲ್ಲ.

ಎಲ್‌ಇಡಿ ದೀಪ ಕೊಳ್ಳುವಾಗ ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 95 ಎಂಬ ಒಂದೇ ಅಂಕೆ ನೋಡಿ ಮರುಳಾಗಬೇಡಿ. ಆ ಸರಾಸರಿಯಲ್ಲಿ ಗಾಢ ಕೆಂಪಿನ ಅಂಕ ಸೇರುವುದಿಲ್ಲ. ಅದನ್ನು ಆರ್9 ಎಂದು ಬೇರೆಯಾಗಿ ಕೊಡುತ್ತಾರೆ, ಕೇಳಿ ತಿಳಿದುಕೊಳ್ಳಿ. ಆರ್9 ಕಡಿಮೆ ಇರುವ ದೀಪದಡಿ ವೇಷದ ಕೆಂಪು ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗುತ್ತದೆ, ಮುಖದ ರಕ್ತವೇ ಬತ್ತಿದಂತೆ ಕಾಣುತ್ತದೆ. ಟಿಎಲ್‌ಸಿಐ ಎಂಬ ಅಂಕ ಕ್ಯಾಮೆರಾ ಕಣ್ಣಿಗೆಂದೇ ಮಾಡಿದ್ದು, ಅದು 90ಕ್ಕಿಂತ ಮೇಲಿರಲಿ. ಮಿಣುಕು ಪರೀಕ್ಷಿಸಲು ದೀಪವನ್ನು ಶೇ 20ಕ್ಕೆ ಇಳಿಸಿ, ಕ್ಯಾಮೆರಾ ಶಟರ್ 1/500ಕ್ಕೆ ಏರಿಸಿ. ಅಡ್ಡಪಟ್ಟಿ ಓಡಿದರೆ ಆ ದೀಪ ಅಂಗಡಿಯಲ್ಲೇ ಇರಲಿ.

50ರ ಲೆಕ್ಕ

ನಮ್ಮ ಕರೆಂಟು 50 ಹರ್ಟ್ಸ್. ಕ್ಯಾಮೆರಾ, ಸ್ವಿಚರ್, ರೆಕಾರ್ಡರ್ ಎಲ್ಲವೂ ಸೆಕೆಂಡಿಗೆ 25 ಅಥವಾ 50 ಫ್ರೇಮಿನ ಕುಟುಂಬದಲ್ಲೇ ಇರಲಿ. ಪೆಟ್ಟಿಗೆಯಿಂದ ತೆಗೆದ ಕ್ಯಾಮೆರಾ 59.94ರಲ್ಲಿ ಇದ್ದರೆ ಟ್ಯೂಬ್‌ಲೈಟ್ ಇರುವ ಸಭಾಂಗಣದಲ್ಲಿ ಚಿತ್ರ ಉಸಿರಾಡಿದಂತೆ ಏರಿಳಿಯುತ್ತದೆ. ಶಟರ್ 1/100 ಮಾಡಿದರೆ ನಿಲ್ಲುತ್ತದೆ, ಆದರೂ ಮೂಲವನ್ನೇ 50ಕ್ಕೆ ತರುವುದು ಸರಿ. ಉಪಗ್ರಹ ಚಾನೆಲ್‌ಗೆ ಕೊಡುವುದಾದರೆ 1080ಐ50 (ಚಿತ್ರವನ್ನು ಅರ್ಧರ್ಧ ಗೆರೆಗಳಾಗಿ ಕಳಿಸುವ ಇಂಟರ್‌ಲೇಸ್) ಕೇಳುತ್ತಾರೆ. ಯೂಟ್ಯೂಬ್‌ಗೆ ಮಾತ್ರವಾದರೆ 1080ಪಿ50 (ಸೆಕೆಂಡಿಗೆ 50 ಪೂರ್ತಿ ಚಿತ್ರ). ಬಡಗುತಿಟ್ಟಿನ ಮಂಡಿ ಕುಣಿತದಲ್ಲಿ ಇದರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಇಂಟರ್‌ಲೇಸ್ ಚಿತ್ರವನ್ನು ಹಾಗೇ ಅಂತರ್ಜಾಲಕ್ಕೆ ಬಿಟ್ಟರೆ ತಿರುಗುವ ವೇಷದ ಅಂಚು ಬಾಚಣಿಗೆ ಹಲ್ಲಿನಂತೆ ಸೀಳುತ್ತದೆ, 25 ಫ್ರೇಮಿನಲ್ಲಿ ಕುಣಿತ ಎಳೆದೆಳೆದು ಕಾಣುತ್ತದೆ.

ತಂತಿ

ಎಸ್‌ಡಿಐಗೆ 75 ಓಮ್ ಕೇಬಲ್, 75 ಓಮ್ ಬಿಎನ್‌ಸಿ ಕನೆಕ್ಟರ್. ಗಟ್ಟಿ ತಾಮ್ರದ ಎಳೆಯಿರುವ ಒಳ್ಳೆಯ ವಿಡಿಯೋ ಕೇಬಲಿನಲ್ಲಿ 1080ಐ50 ಸುಮಾರು 100 ಮೀಟರ್ ಹೋಗುತ್ತದೆ. 1080ಪಿ50ಕ್ಕೆ 3 ಗಿಗಾಬಿಟ್ ಬೇಕು, 70 ಮೀಟರಿಗೆ ನಿಲ್ಲಿಸಿ. 4ಕೆ ಪಿ50ಕ್ಕೆ 12 ಗಿಗಾಬಿಟ್, ಅಲ್ಲಿ 40 ಮೀಟರ್ ದಾಟದಿದ್ದರೆ ನೆಮ್ಮದಿ. ಕೇಬಲ್ ಟಿವಿಯವರಲ್ಲಿ ಅಗ್ಗಕ್ಕೆ ಸಿಗುವ ಆರ್‌ಜಿ-6ರ ನಡು ಎಳೆ ಸಾಮಾನ್ಯವಾಗಿ ಉಕ್ಕು, ಮೇಲೆ ತೆಳು ತಾಮ್ರ. ಕತ್ತರಿಸಿದ ತುದಿಗೆ ನಮ್ಮ ಗಾಳಿ ತಾಗಿದರೆ ಒಂದೇ ಮಳೆಗಾಲಕ್ಕೆ ತುಕ್ಕು. ಎಸ್‌ಡಿಐ ಹಳೆಯ ಅನಲಾಗ್ ಚಿತ್ರದಂತೆ ಮೆಲ್ಲಗೆ ಹಾಳಾಗುವುದಿಲ್ಲ. ಅಂಚಿನ ತನಕ ಚಿತ್ರ ಫಳಫಳ, ಅಂಚು ದಾಟಿದರೆ ಮೊದಲು ಮಿಂಚಿನ ಚುಕ್ಕಿ, ಮರುಕ್ಷಣ ಕಪ್ಪು. ಆದ್ದರಿಂದ 'ನಿನ್ನೆ ಸರಿ ಇತ್ತು' ಎಂಬುದು ಕೇಬಲ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಪೂರ್ತಿ ಚೈನ್‌ನ ಹೈಬ್ರಿಡ್ ಫೈಬರ್ ಕೇಬಲ್ 9.2 ಮಿ.ಮೀ. ದಪ್ಪ. ಒಳಗೆ ಎರಡು ಸಿಂಗಲ್ ಮೋಡ್ ಫೈಬರ್, ಕರೆಂಟಿಗೂ ಸಂಕೇತಕ್ಕೂ ತಾಮ್ರದ ತಂತಿಗಳು, ಎಳೆತ ತಡೆಯಲು ನಡುವೆ ಉಕ್ಕು. ಬೆಳಕು ಹರಿಯುವ ಗಾಜಿನ ಎಳೆಯ ತಿರುಳು ಬರೀ 9 ಮೈಕ್ರಾನ್; ಮರಳಿನ ಒಂದು ಕಣ ಅದನ್ನು ಪೂರ್ತಿ ಮುಚ್ಚುತ್ತದೆ. ಕಾರವಾರದ ಕಡಲತೀರದಲ್ಲಿ ಕಾರ್ಯಕ್ರಮ ಮಾಡಿ ಬಂದ ಕೇಬಲ್ ಮರುದಿನ 'ಆಪ್ಟಿಕಲ್ ಲೆವೆಲ್ ಲೋ' ಎಂದರೆ ಆಶ್ಚರ್ಯವಿಲ್ಲ. ಬಿಚ್ಚಿದ ಕೂಡಲೇ ಎರಡೂ ತುದಿಗೆ ಮುಚ್ಚಳ ಹಾಕಿ, ಕೇಬಲ್ ಸೇರಿಸಿರುವಾಗ ಮುಚ್ಚಳಗಳನ್ನು ಒಂದಕ್ಕೊಂದು ಸಿಕ್ಕಿಸಿ ಇಡಿ. ಸೇರಿಸುವ ಮೊದಲು ಫೈಬರ್ ಕ್ಲೀನರ್ ಪೆನ್ನಿನಿಂದ ಒಮ್ಮೆ ಒರೆಸಿ. ಬಾಯಿಯಿಂದ ಊದಬೇಡಿ, ಉಗುಳಿನ ತೇವ ಧೂಳಿಗಿಂತ ಕೆಟ್ಟದ್ದು. ಸಿಸಿಯು ಆಫ್ ಮಾಡಿದ ಮೇಲೆಯೇ ಕನೆಕ್ಟರ್ ಬಿಚ್ಚಿ. ಅದರಲ್ಲಿ ಹರಿಯುವುದು ಬ್ಯಾಟರಿ ಕರೆಂಟಲ್ಲ.

ಇತ್ತೀಚೆಗೆ ದೊಡ್ಡ ಊರಿನ ಚಾನೆಲ್‌ಗಳು ಬಿಟ್ಟ ಟ್ರಾಯಾಕ್ಸ್ (ಫೈಬರಿಗಿಂತ ಹಳೆಯ ತಾಮ್ರದ ಕ್ಯಾಮೆರಾ ಕೇಬಲ್) ಕಾಲದ ಎಚ್‌ಡಿ ಕ್ಯಾಮೆರಾಗಳು ಸೆಕೆಂಡ್‌ಹ್ಯಾಂಡ್ ಸಿಗುತ್ತವೆ. ಬೇಡ ಎನ್ನುವಂಥವಲ್ಲ. ನೋಡಬೇಕಾದ್ದು: ಮೆನುವಿನಲ್ಲಿ ಓಡಿದ ಗಂಟೆಗಳು, ಲೆನ್ಸ್ ಮುಚ್ಚಿ 12 ಡೆಸಿಬಲ್ ಗೇನ್ ಹಾಕಿದಾಗ ಬಿಳಿ ಚುಕ್ಕಿ ಕಾಣುತ್ತವೆಯೇ, ಆಟೋ ಬ್ಲ್ಯಾಕ್ (ಕ್ಯಾಮೆರಾ ತಾನಾಗಿ ಕಪ್ಪನ್ನು ಸರಿಮಾಡಿಕೊಳ್ಳುವುದು) ಮಾಡಿದ ಮೇಲೆ ಹೋಗುತ್ತವೆಯೇ, ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದರೆ ಒಳಗೆ ಜೇಡರ ಬಲೆಯಂಥ ಎಳೆ ಇದೆಯೇ, ಸಿಸಿಯು ಫ್ಯಾನ್ ತಿರುಗುತ್ತದೆಯೇ. ಬರೀ ಹೆಡ್ ಕೊಟ್ಟು 'ಸಿಸಿಯು ಆಮೇಲೆ ಸಿಗುತ್ತದೆ' ಎನ್ನುವವರ ಹತ್ತಿರ ಮಾತು ಮುಂದುವರಿಸಬೇಡಿ.

ಕರೆಂಟು, ಸಿಡಿಲು

ಮೂರು ಚೈನ್‌ಗೆ ತಲಾ 150 ವ್ಯಾಟ್, ಸ್ವಿಚರ್‌ಗೆ 150, ನಾಲ್ಕು ಮಾನಿಟರ್‌ಗೆ 160, ಎನ್‌ಕೋಡರ್, ರೌಟರ್, ಟಾಕ್‌ಬ್ಯಾಕ್ ಸೇರಿ 150: ಒಟ್ಟು 900 ವ್ಯಾಟ್ ಸುತ್ತಮುತ್ತ. ಇದಕ್ಕೆ 2 ಕೆವಿಎ ಆನ್‌ಲೈನ್ ಯುಪಿಎಸ್ ಹಾಕಿ. ಮನೆಯ ಇನ್ವರ್ಟರ್ ಕರೆಂಟು ಹೋದಾಗ ಕ್ಷಣ ತಡೆದು ಬದಲಾಗುತ್ತದೆ. ಬಲ್ಬಿಗೆ ಅದು ಗೊತ್ತಾಗುವುದಿಲ್ಲ. ಸ್ವಿಚರ್ ರೀಸ್ಟಾರ್ಟ್ ಆಗಿ ಪ್ರಸಾರ ಅರ್ಧ ನಿಮಿಷ ಕಪ್ಪಾಗಬಹುದು. ಆನ್‌ಲೈನ್ ಯುಪಿಎಸ್ ಸದಾ ತನ್ನೊಳಗೇ ಹೊಸದಾಗಿ ಕರೆಂಟು ಕಟ್ಟಿ ಕೊಡುವುದರಿಂದ ಜನರೇಟರಿನ ಏರುಪೇರೂ ಕ್ಯಾಮೆರಾ ತನಕ ಬರುವುದಿಲ್ಲ. ದೀಪ, ಎ.ಸಿ.ಗಳನ್ನು ಈ ಯುಪಿಎಸ್‌ಗೆ ಸೇರಿಸಬೇಡಿ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಚಿರೆಕಲ್ಲಿನ ನೆಲ ಸಹಕರಿಸುವುದಿಲ್ಲ. ಜುಲೈಯಲ್ಲಿ ಅಳೆದರೆ ಚೆನ್ನಾಗಿಯೇ ಬರುತ್ತದೆ, ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಏರುತ್ತದೆ. ಅಳೆಯಬೇಕಾದ್ದು ಏಪ್ರಿಲ್‌ನಲ್ಲೇ. 5 ಓಮ್ ಒಳಗಿರಲಿ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2 ವೋಲ್ಟ್ ಮೀರದಿರಲಿ. ಸಿಡಿಲು ಹೆಚ್ಚು ಹೊಡೆಯುವುದೂ ಮಳೆಗಾಲಕ್ಕೆ ಮುಂಚಿನ ಆ ದಿನಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ. ಸ್ಟುಡಿಯೋ ಒಂದು ಕಟ್ಟಡ, ಕಂಟ್ರೋಲ್ ರೂಮು ಇನ್ನೊಂದು ಕಟ್ಟಡ ಎಂದಾದರೆ ನಡುವೆ ತಾಮ್ರದ ತಂತಿ ಎಳೆಯಲೇಬಾರದು. ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸ ತಂತಿಯ ಹೊರಕವಚದಲ್ಲಿ ಹರಿದು ಬಿಎನ್‌ಸಿ ಪೋರ್ಟನ್ನೇ ಸುಡುತ್ತದೆ. ಅಲ್ಲಿ ಎಸ್‌ಡಿಐಯನ್ನು ಫೈಬರಿಗೆ ಬದಲಿಸುವ ಚಿಕ್ಕ ಪೆಟ್ಟಿಗೆ ಹಾಕಿ.

ಜೋಡಿಸುವ ದಿನ

ಎಲ್ಲ ಕ್ಯಾಮೆರಾಗಳನ್ನೂ ಆನ್ ಮಾಡಿ ಅರ್ಧ ಗಂಟೆ ಬಿಡಿ. ತಣ್ಣಗಿರುವ ಕ್ಯಾಮೆರಾದಲ್ಲಿ ಮಾಡಿದ ಹೊಂದಾಣಿಕೆ ಬಿಸಿಯಾದ ಮೇಲೆ ನಿಲ್ಲುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಟ್ರೈಪಾಡ್ ಕೆಲಸ ಮುಗಿಸಿ. ಹೆಡ್, ಲೆನ್ಸ್, 7 ಇಂಚಿನ ವ್ಯೂಫೈಂಡರ್, ಪ್ರಾಂಪ್ಟರ್ ಎಲ್ಲ ಸೇರಿದರೆ 15ರಿಂದ 18 ಕೆ.ಜಿ. ಆಗುತ್ತದೆ. 10 ಕೆ.ಜಿ.ಯ ಟ್ರೈಪಾಡ್ ಹೆಡ್ ಮೇಲೆ ಅದನ್ನು ಕೂರಿಸಿದರೆ ಮೂಗು ತಗ್ಗಿಸಿ ಕೂರುತ್ತದೆ, ಕೈಬಿಟ್ಟರೆ ಬೀಳುತ್ತದೆ. ಮೊದಲು ಪ್ಲೇಟನ್ನು ಹಿಂದೆಮುಂದೆ ಸರಿಸಿ ತೂಕ ಸಮ ಮಾಡಿ, ನಂತರ ಕೌಂಟರ್‌ಬ್ಯಾಲೆನ್ಸ್, ಕೊನೆಗೆ ಡ್ರ್ಯಾಗ್. 30 ಡಿಗ್ರಿ ಬಾಗಿಸಿ ಕೈಬಿಟ್ಟರೆ ಅಲ್ಲೇ ನಿಲ್ಲಬೇಕು.

ಮುಂದೆ ಜೆನ್‌ಲಾಕ್, ಅಂದರೆ ಎಲ್ಲ ಯಂತ್ರಗಳನ್ನು ಒಂದೇ ತಾಳಕ್ಕೆ ಕಟ್ಟುವುದು. ಸಿಂಕ್ ಜನರೇಟರಿನಿಂದ ಟ್ರೈ-ಲೆವೆಲ್ ಎಂಬ ತಾಳದ ಸಂಕೇತ ಪ್ರತಿ ಸಿಸಿಯುಗೂ ಸ್ವಿಚರಿಗೂ ಹೋಗಬೇಕು. ಒಂದರಿಂದ ಇನ್ನೊಂದಕ್ಕೆ ಸರಣಿಯಾಗಿ ಕೊಟ್ಟರೆ ಕೊನೆಯದಕ್ಕೆ ಮಾತ್ರ 75 ಓಮ್ ಟರ್ಮಿನೇಟರ್. ಮರೆತು ಎರಡು ಕಡೆ ಹಾಕಿದರೆ ಸಂಕೇತದ ಮಟ್ಟ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಕೆಲವು ಯಂತ್ರ ಒಪ್ಪುತ್ತವೆ, ಒಂದು ಒಪ್ಪುವುದಿಲ್ಲ, ಅದನ್ನು ಹುಡುಕಲು ಇಡೀ ದಿನ ಹೋಗುತ್ತದೆ. ಎಟಿಇಎಂನಂಥ ಸ್ವಿಚರ್‌ಗಳ ಪ್ರತಿ ಒಳಹಾದಿಯಲ್ಲೂ ಬಂದ ಚಿತ್ರವನ್ನು ತಡೆದು ತಾಳಕ್ಕೆ ಹೊಂದಿಸುವ ಫ್ರೇಮ್ ಸಿಂಕ್ರೊನೈಜರ್ ಇರುವುದರಿಂದ ಜೆನ್‌ಲಾಕ್ ಇಲ್ಲದೆಯೂ ಚಿತ್ರ ಕುಪ್ಪಳಿಸುವುದಿಲ್ಲ, ಆದರೆ ಚಿತ್ರ ತುಸು ತಡವಾಗುತ್ತದೆ. 1080ಪಿ50ರಲ್ಲಿ ಒಂದು ಫ್ರೇಮ್ ಎಂದರೆ 20 ಮಿಲಿಸೆಕೆಂಡ್. ಚಂಡೆಯ ಪೆಟ್ಟು ಕೋಲು ತಾಗುವ ಮೊದಲೇ ಕೇಳಿದರೆ ಕಿವಿ ಒಪ್ಪುವುದಿಲ್ಲ. ಭಾಗವತರ ತಾಳ ಒಮ್ಮೆ ಹೊಡೆಸಿ ರೆಕಾರ್ಡ್ ಮಾಡಿ, ಫ್ರೇಮ್ ಎಣಿಸಿ, ಆಡಿಯೋಗೆ ಅಷ್ಟೇ ವಿಳಂಬ ಕೊಡಿ.

ಈಗ ಬ್ಯಾಕ್ ಫೋಕಸ್, ಅಂದರೆ ಲೆನ್ಸಿಗೂ ಸೆನ್ಸರಿಗೂ ನಡುವಿನ ದೂರ ಹೊಂದಿಸುವುದು. ಬಿ4 ಲೆನ್ಸ್ ಬಿಚ್ಚಿ ಹಾಕಿದಾಗಲೆಲ್ಲ ಇದು ಬೇಕು. ನಕ್ಷತ್ರದಂಥ ಗೆರೆಗಳ ಚಾರ್ಟನ್ನು ಕನಿಷ್ಠ 3 ಮೀಟರ್ ದೂರದಲ್ಲಿಡಿ. ಐರಿಸ್ ಪೂರ್ತಿ ತೆರೆಯಿರಿ, ಬೆಳಕು ಜಾಸ್ತಿಯಾದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಐರಿಸ್ ಮಾತ್ರ ಮುಚ್ಚಬೇಡಿ. ಟೆಲಿಗೆ ಹೋಗಿ ಮುಂದಿನ ಫೋಕಸ್ ರಿಂಗ್‌ನಿಂದ ಸ್ಪಷ್ಟ ಮಾಡಿ. ವೈಡ್‌ಗೆ ಬಂದು, ಫೋಕಸ್ ರಿಂಗ್ ಮುಟ್ಟದೆ, ಹಿಂದಿನ ಎಫ್‌ಬಿ ರಿಂಗ್‌ನಿಂದ ಸ್ಪಷ್ಟ ಮಾಡಿ. ಮೂರು-ನಾಲ್ಕು ಸಲ ಹೀಗೆ ಹೋಗಿ ಬಂದರೆ ಎರಡೂ ಕಡೆ ನಿಲ್ಲುತ್ತದೆ. ಸ್ಕ್ರೂ ಬಿಗಿ ಮಾಡಿ. 'ಝೂಮ್ ಹಿಂದೆ ಬಂದರೆ ಮಸುಕಾಗುತ್ತದೆ, ಲೆನ್ಸ್ ಹೋಗಿದೆ' ಎನ್ನುವ ದೂರುಗಳಲ್ಲಿ ಹೆಚ್ಚಿನವು ಈ ಹತ್ತು ನಿಮಿಷದ ಕೆಲಸ ಬಿಟ್ಟದ್ದರಿಂದ ಬಂದಂಥವು.

ಬಣ್ಣ ಹೊಂದಿಸಲು ಒಂದು ಹನ್ನೊಂದು ಮೆಟ್ಟಿಲಿನ ಬೂದು ಚಾರ್ಟ್, ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್, ಬಣ್ಣ ತೋರಿಸುವ ವೆಕ್ಟರ್‌ಸ್ಕೋಪ್ ಬೇಕು. ಪ್ರಾಂಪ್ಟರ್ ಇರುವ ಕ್ಯಾಮೆರಾಗೆ ಗಾಜು ಹಾಕಿಕೊಂಡೇ ಈ ಕೆಲಸ ಮಾಡಿ. ಆ ಗಾಜು ಶೇ 30ರಷ್ಟು, ಅಂದರೆ ಅರ್ಧ ಸ್ಟಾಪ್ ಬೆಳಕು ತಿನ್ನುತ್ತದೆ, ಸ್ವಲ್ಪ ಬಣ್ಣವನ್ನೂ ಕೊಡುತ್ತದೆ. ಚಾರ್ಟಿನ ಮೇಲೆ ಬೆಳಕು ಮೂಲೆಯಿಂದ ಮೂಲೆಗೆ ಸಮವಾಗಿರಲಿ. ಎಲ್ಲ ಕ್ಯಾಮೆರಾಗಳೂ ಅಕ್ಕಪಕ್ಕ ನಿಂತು ಒಂದೇ ಅಳತೆಯಲ್ಲಿ ಅದನ್ನು ನೋಡಲಿ. ಗೇನ್ 0, ಎಲ್ಲದಕ್ಕೂ ಒಂದೇ ಗಾಮಾ (ನಡುಬೂದು ಎಷ್ಟು ಬೆಳಗಬೇಕೆಂಬ ಹೊಂದಾಣಿಕೆ). ಮೊದಲು ಆಟೋ ಬ್ಲ್ಯಾಕ್, ನಂತರ ಆಟೋ ವೈಟ್, ಮತ್ತೊಮ್ಮೆ ಬ್ಲ್ಯಾಕ್. ಐರಿಸ್‌ನಿಂದ ಬಿಳಿ ಮೆಟ್ಟಿಲನ್ನು ಶೇ 100ಕ್ಕೆ ತನ್ನಿ. ನಡುವಿನ ಕ್ಯಾಮೆರಾವನ್ನು ಮಾದರಿಯೆಂದು ಇಟ್ಟುಕೊಂಡು ಉಳಿದವುಗಳ ಮಾಸ್ಟರ್ ಬ್ಲ್ಯಾಕ್, ಗಾಮಾ, ಕೆಂಪು-ನೀಲಿ ಗೇನ್ ಅದಕ್ಕೆ ಹೊಂದಿಸಿ. ಸ್ವಿಚರಿನಲ್ಲಿ ವೈಪ್ ಅರ್ಧಕ್ಕೆ ನಿಲ್ಲಿಸಿದರೆ ಎರಡು ಕ್ಯಾಮೆರಾ ಪಕ್ಕಪಕ್ಕ ಕಾಣುತ್ತವೆ. ಗೆರೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಕೆಲಸ ಆಯಿತು. ಕೊನೆಗೆ ಚಾರ್ಟ್ ತೆಗೆದು ಮನುಷ್ಯರನ್ನು ಕೂರಿಸಿ, ಯಾಕೆಂದರೆ ಚಾರ್ಟ್ ಹೊಂದಿಯೂ ಮುಖ ಹೊಂದದಿರುವುದುಂಟು. ಆಗ ಚಾರ್ಟ್ ಬಿಟ್ಟು ಮುಖವನ್ನು ನಂಬಿ. ಮುಖ ಶೇ 60ರಿಂದ 70, ಬಿಳಿ ಪಂಚೆ 90ರ ಹತ್ತಿರ.

ಯಕ್ಷಗಾನದಲ್ಲಿ ಈ ಲೆಕ್ಕ ಸ್ವಲ್ಪ ಬೇರೆ. ಕಿರೀಟದ ಹೊಳಪು, ಕಪ್ಪು ಮುಂಡಾಸು, ಬಣ್ಣ ಹಚ್ಚಿದ ಮುಖ ಮೂರೂ ಒಂದೇ ಫ್ರೇಮಿನಲ್ಲಿ. ಆಟೋ ಐರಿಸ್ ಕಿರೀಟವನ್ನು ನಂಬಿ ಮುಚ್ಚಿಕೊಳ್ಳುತ್ತದೆ, ಮುಖ ಕತ್ತಲಾಗುತ್ತದೆ. ಅದನ್ನು ಆಫ್ ಮಾಡಿ. ಕಿರೀಟದ ಮಿಂಚು ಶೇ 100 ದಾಟಲಿ, ಅತಿ ಹೊಳಪನ್ನು ತಗ್ಗಿಸುವ 'ನೀ' (knee) ಸರ್ಕಿಟ್ ಅದನ್ನು ಬಗ್ಗಿಸುತ್ತದೆ. ಮುಂಡಾಸಿನ ಮಡಿಕೆ ಕಾಣುವಷ್ಟು ಮಾಸ್ಟರ್ ಬ್ಲ್ಯಾಕ್ ಎತ್ತಿ. ಕಸೆ ಸೀರೆಯ ಚೌಕಳಿ ಗಿಜಿಗಿಜಿ ಎಂದು ಕುಣಿದರೆ ಅಂಚುಗಳನ್ನು ಚೂಪಾಗಿಸುವ ಡಿಟೇಲ್ ಕಡಿಮೆ ಮಾಡಿ, ಇಲ್ಲವೇ ಝೂಮ್ ಕೂದಲೆಳೆಯಷ್ಟು ಬದಲಿಸಿ. ಚಂಡೆಯ ಪಕ್ಕದ ಕ್ಯಾಮೆರಾಗೆ ಎರಡೂ ಕಿವಿ ಮುಚ್ಚುವ ಹೆಡ್‌ಸೆಟ್ ಕೊಡಿ, ಒಂದು ಕಿವಿಯದ್ದು ಅಲ್ಲಿ ಕೆಲಸಕ್ಕೆ ಬಾರದು.

ಬೂಷ್ಟು

ಕಾರವಾರದ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ 85 ದಾಟುವುದು ಮಾಮೂಲು. ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೆಳೆಯಲು ಶೇ 65ರ ಆಸುಪಾಸು ಸಾಕು, ಕತ್ತಲೆ ಇದ್ದರೆ ಇನ್ನೂ ಹಿತ. ಒಮ್ಮೆ ಬೆಳೆದರೆ ಗಾಜಿನ ಲೇಪನವನ್ನೇ ಕೊರೆಯುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. ಚರ್ಮದ ಅಥವಾ ಸ್ಪಂಜಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಡುವುದೆಂದರೆ ಬೂಷ್ಟನ್ನು ಸಾಕಿದಂತೆಯೇ. ಎಲೆಕ್ಟ್ರಾನಿಕ್ ಡ್ರೈ ಕ್ಯಾಬಿನೆಟ್ ಕೊಂಡು ಶೇ 40ರಿಂದ 50ರಲ್ಲಿ ಇಡಿ. 30ಕ್ಕಿಂತ ಕೆಳಗೆ ಹೋದರೆ ರಬ್ಬರು, ಗ್ರೀಸು ಒಣಗುತ್ತವೆ. ಅದಿಲ್ಲದಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು.

ಇನ್ನೊಂದು ತೊಂದರೆ ಎ.ಸಿ.ಯಿಂದ. ಹೊರಗೆ 30 ಡಿಗ್ರಿ, ತೇವಾಂಶ ಶೇ 80 ಇದ್ದರೆ 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕಟ್ಟುತ್ತದೆ. 22 ಡಿಗ್ರಿಯ ಸ್ಟುಡಿಯೋದಿಂದ ಕ್ಯಾಮೆರಾವನ್ನು ನೇರ ಅಂಗಳಕ್ಕೆ ತಂದರೆ ಲೆನ್ಸ್ ಮಂಜು, ಒಳಗಿನ ಪ್ರಿಸಂ ಕೂಡ ಮಂಜು. ಒಳಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ, ಹೊರಗೆ ಮುಕ್ಕಾಲು ಗಂಟೆ ಹಾಗೇ ಬಿಡಿ, ಆಮೇಲೆ ಬಿಚ್ಚಿ. ರಾತ್ರಿ ಎ.ಸಿ. ಆಫ್ ಮಾಡಿ ಹೋಗುವ ಸ್ಟುಡಿಯೋದಲ್ಲಿ ಚಿರೆಕಲ್ಲಿನ ಗೋಡೆ ತನ್ನೊಳಗಿನ ತೇವವನ್ನು ಕೋಣೆಗೆ ಬಿಡುತ್ತದೆ. ಒಂದು ಡಿಹ್ಯೂಮಿಡಿಫೈಯರ್ ಅಲ್ಲೇ ಓಡುತ್ತಿರಲಿ, ಅದರ ನೀರಿನ ಪೈಪು ಹೊರಗೆ ಹೋಗಲಿ. ಬಾಲ್ದಿಗೆ ಬಿಟ್ಟರೆ ಜುಲೈಯಲ್ಲಿ ಬೆಳಗಾಗುವ ಮೊದಲೇ ತುಂಬಿ ಯಂತ್ರ ತಾನಾಗಿ ನಿಂತಿರುತ್ತದೆ.

ಸಮುದ್ರದ ಹತ್ತಿರ ಕೆಲಸ ಮಾಡಿದ ದಿನ ಟ್ರೈಪಾಡ್ ಕಾಲನ್ನು ಸಿಹಿನೀರಿನ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಿ. ಬಿಎನ್‌ಸಿ ತುದಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳು ಹಿಡಿಯುತ್ತದೆ.

ಬಿಡಿಭಾಗಗಳನ್ನು ಮೇ ಮುಗಿಯುವುದರೊಳಗೆ ತರಿಸಿಟ್ಟುಕೊಳ್ಳಬೇಕು. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಘಟ್ಟದ ದಾರಿಗಳ ಕಥೆಯೂ ಪ್ರತಿ ಮಳೆಗಾಲ ಅಷ್ಟೇ. ಒಂದು ಪೂರ್ತಿ ಕ್ಯಾಮೆರಾ ಕೇಬಲ್, ಹತ್ತು ಬಿಎನ್‌ಸಿ ತುದಿ ಮತ್ತು ಅವನ್ನು ಒತ್ತುವ ಕ್ರಿಂಪಿಂಗ್ ಟೂಲ್, ಎರಡು ಟರ್ಮಿನೇಟರ್, ಲೆನ್ಸಿನ ಡಿಮಾಂಡ್ ಕೇಬಲ್ ಒಂದು, ಒಂದು ಹೆಡ್‌ಸೆಟ್, ಫೈಬರ್ ಕ್ಲೀನರ್ ಎರಡು, ಯುಪಿಎಸ್ ಫ್ಯೂಸು, ಸಿಸಿಯುಗೆ ಒಂದು ಫ್ಯಾನ್. ಕ್ಯಾಮೆರಾ ಖರೀದಿಯ ಆರ್ಡರಿನಲ್ಲೇ ಇವನ್ನೂ ಬರೆಸಿ.